ಬೋಳು ತಲೆ ಮತ್ತು ಒಂದು ‘ಹೂಂ’

ನಗು ಬಂದರೆ ನಕ್ಕುಬಿಡಿ… ಪರವಾಗಿಲ್ಲ. ಆದರೆ ಅರ್ಧಕ್ಕೆ ನಿಲ್ಲಿಸಬೇಡಿ.

ಮಂಡ್ಯದ ಒಂದು ಬಟ್ಟೆ ಶೋರೂಮಿನಲ್ಲಿ ಜಯಶಂಕರ ಫ್ಲೋರ್ ಮ್ಯಾನೇಜರ್. ಇಸ್ತ್ರಿ ಮಾಡಿದ ಶರ್ಟು, ಪಾಲಿಶ್ ಹಾಕಿದ ಬೂಟು, ತಲೆ ತುಂಬಾ ಕಪ್ಪು ಕೂದಲು…

ಆ ಕೂದಲು ಮಾತ್ರ ಅವನದಲ್ಲ. ವಿಗ್ಗು.

ಮೂವತ್ತಕ್ಕೇ ತಲೆ ಬೋಳಾಗಿತ್ತು. ಆಗಿದ್ದ ಅಂಗಡಿಯಲ್ಲಿ ಗಿರಾಕಿಯ ಮಗುವೊಂದು “ತಾತ” ಎಂದು ಕರೆದು, ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಅಂಗಡಿ ಬದಲಿಸಿದ… ತಲೆಯನ್ನೂ ಬದಲಿಸಿದ.

ಹೆಂಡತಿ ಭಾಗ್ಯ ಮತ್ತು ಅಪ್ಪ ನಂಜುಂಡೇಗೌಡರನ್ನು ಬಿಟ್ಟರೆ ಈ ಗುಟ್ಟು ಯಾರಿಗೂ ಗೊತ್ತಿರಲಿಲ್ಲ.

ಅವ್ವ ಅವನು ಚಿಕ್ಕವನಿರುವಾಗಲೇ ಹೋಗಿದ್ದಳು. ಭಾನುವಾರ ಬಂದರೆ ಅಪ್ಪನೇ ಕೂರಿಸಿಕೊಂಡು ತಲೆಗೆ ಹರಳೆಣ್ಣೆ ತಟ್ಟಿ ನೀರು ಹಾಕುತ್ತಿದ್ದರು. ದೊಡ್ಡವನಾದ ಮೇಲೂ ಹಬ್ಬಕ್ಕೆ ಕಾಲಿಗೆ ಬಿದ್ದಾಗ ಅಪ್ಪನ ಕೈ ಅವನ ತಲೆಯ ಮೇಲೆ ಬರುತ್ತಿತ್ತು.

ವಿಗ್ ಬಂದ ಮೇಲೆ ಅದೂ ನಿಂತಿತು. ಎಲ್ಲಿ ಜರುಗುತ್ತದೋ ಎಂದು ಕಾಲು ಮುಟ್ಟಿದವನೇ ಸರಕ್ಕನೆ ಹಿಂದೆ ಸರಿಯುತ್ತಿದ್ದ. ಅಪ್ಪನ ಕೈ ಗಾಳಿಯಲ್ಲೇ ಉಳಿಯುತ್ತಿತ್ತು… ಅವರು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಳ್ಳುತ್ತಿದ್ದರು.

ಈ ಬೇಸಿಗೆಯಲ್ಲಿ ವಿಗ್ಗಿನ ಅಂಟಿನಿಂದ ತಲೆಯೆಲ್ಲ ಹುಣ್ಣಾಯಿತು. “ಉಳಿದಿರೋ ಕೂದ್ಲೂ ಬೋಳಿಸಿ. ಸದ್ಯಕ್ಕೆ ಅಲ್ಲಿ ಏನೂ ಅಂಟಿಸ್ಬೇಡಿ” ಎಂದರು ಡಾಕ್ಟರು.

ಬೋಳಿಸಿಕೊಂಡು ಬಂದು ಕನ್ನಡಿ ಮುಂದೆ ನಿಂತ. ತಲೆಗೆ ನೇರವಾಗಿ ಫ್ಯಾನಿನ ಗಾಳಿ ತಾಗುವುದೇ ವಿಚಿತ್ರ. ಅಭ್ಯಾಸಬಲ… ಕೈ ಬಾಚಣಿಗೆಯವರೆಗೆ ಹೋಗಿ ವಾಪಸ್ ಬರುತ್ತಿತ್ತು.

ಕೇಳಿದವರಿಗೆ ತಿರುಪತಿಗೆ ಹೋಗಿದ್ದೆ ಅನ್ನೋಣ ಎಂದುಕೊಂಡ. ಲಾಡು ಎಲ್ಲಿ ಅಂದರೆ? ಬಸ್ಸಿನಲ್ಲಿ ದಾರಿಯುದ್ದಕ್ಕೂ ಲಾಡಿಗೊಂದು ನೆಪ ಹುಡುಕಿದ.

ನೆಪ ಬೇಕಾಗಲೇ ಇಲ್ಲ. ಸೀರೆ ಸೆಕ್ಷನ್ನಿನ ಚಲುವರಾಜು ಅವನ ತಲೆ ನೋಡಿದವನೇ, ಕೈಯಲ್ಲಿದ್ದ ಸೀರೆ ಕೆಳಗಿಟ್ಟು ಬಂದು ಎರಡೂ ಕೈ ಹಿಡಿದುಕೊಂಡ.

“ಅಪ್ಪಾರು ಹೋಗ್ಬುಟ್ರಾ ಸಾರ್?”

ನಮ್ಮ ಕಡೆ ಗಂಡಸಿನ ತಲೆ ಇದ್ದಕ್ಕಿದ್ದಂತೆ ಬೋಳಾದರೆ ಜನಕ್ಕೆ ಮೊದಲು ಹೊಳೆಯುವುದು ಅದೇ ತಾನೇ…

ಇಲ್ಲ ಎನ್ನಬೇಕಿತ್ತು. ಆದರೆ ಚಲುವರಾಜುವಿನ ಕಣ್ಣು ತುಂಬಿತ್ತು. ಇಲ್ಲ ಎಂದರೆ ಕೂದಲಿನ ಕಥೆಯೆಲ್ಲ ಬಿಚ್ಚಬೇಕಿತ್ತು.

“ಹೂಂ” ಎಂದುಬಿಟ್ಟ ಜಯಶಂಕರ.

ಸ್ವಲ್ಪ ಹೊತ್ತಿಗೆ ಇಡೀ ಶೋರೂಮಿಗೆ ಸುದ್ದಿ. ಯಜಮಾನರೇ ಕರೆದು, “ನೀವ್ಯಾಕೆ ಬರಕ್ಕೋದ್ರಿ? ಕಾರ್ಯ ಎಲ್ಲಾ ಮುಗಿಸ್ಕೊಂಡು ನಿಧಾನವಾಗಿ ಬನ್ನಿ” ಎಂದು ರಜೆ ಕೊಟ್ಟು ಕಳಿಸಿದರು.

ಮನೆಗೆ ಬಂದರೆ… ‘ಹೋಗಿಬಿಟ್ಟಿದ್ದ’ ಅಪ್ಪ ನಡುಮನೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು.

“ಯಾಕ್ಲಾ ಮಗ, ಇಷ್ಟ್ ಬೇಗ ಬಂದೆ?”

“ರಜೆ ಕೊಟ್ಟವ್ರೆ ಅಪ್ಪ… ತಲೆ ವಾಸಿಯಾಗ್ಲಿ ಅಂತ.”

“ನಿಮ್ ಯಜಮಾನ್ರು ಒಳ್ಳೇರು ಬುಡು” ಎಂದು ಅಪ್ಪ ಎದ್ದು ಹೋಗಿ ಮಜ್ಜಿಗೆ ತಂದುಕೊಟ್ಟರು.

ಅವನು ಲೋಟ ತೆಗೆದುಕೊಂಡ. ಅಪ್ಪನ ಸಾವಿನ ರಜೆಯಲ್ಲಿ ಅಪ್ಪನ ಕೈಯಿಂದಲೇ ಮಜ್ಜಿಗೆ ಕುಡಿಯುವ ಪಾಪಿ ನಾನೊಬ್ಬನೇ ಇರಬೇಕು ಅನಿಸಿತು.

ಆಮೇಲೆ ಅಪ್ಪ ಸುಮ್ಮನೆ ಕೆಮ್ಮಿದರೂ ಅವನು ಓಡಿಬಂದು ನೋಡುತ್ತಿದ್ದ. ನಾನು ‘ಹೂಂ’ ಅಂದ ಗಳಿಗೆಯಲ್ಲಿ ದೇವರು ಅಸ್ತು ಅಂದುಬಿಟ್ಟಿದ್ದರೆ?

ಭಾನುವಾರ ಬೆಳಿಗ್ಗೆ ಭಾಗ್ಯ ಮಾರ್ಕೆಟ್ಟಿಗೆ ಹೋಗಿದ್ದಳು. ಅವನು ರೂಮಿನಲ್ಲಿ ತಲೆಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದ. ಬೆಲ್ ಆಯಿತು… ಅಪ್ಪ ಹೋಗಿ ಬಾಗಿಲು ತೆರೆದರು.

ಚಲುವರಾಜುವಿನ ದನಿ. “ಜಯಶಂಕರ್ ಸಾರ್ ಮನೆ ಇದೇ ಅಲ್ವಾ? ಅವ್ರ ತಂದೆ ತೀರ್ಕಂಡ್ರಲ್ಲ… ಮಾತಾಡಿಸ್ಕೊಂಡು ಹೋಗಾಣ ಅಂತ ಬಂದೆ.”

ಜಯಶಂಕರ ಮುಲಾಮಿನ ಡಬ್ಬಿ ಕೆಳಗಿಟ್ಟ. ಇನ್ನು ಅಪ್ಪ ನನ್ನ ಮಾನ ಹರಾಜು ಹಾಕುತ್ತಾರೆ ಎಂದುಕೊಂಡ.

ಹೊರಗೆ ಅಪ್ಪ ಒಮ್ಮೆ ಕೆಮ್ಮಿದ್ದು ಕೇಳಿಸಿತು. ಆಮೇಲೆ ಅಪ್ಪ ಮಾತಾಡಿದರು.

“ಹೂಂ ಕಣಪ್ಪ… ಬನ್ನಿ, ಕೂತ್ಕಳಿ. ನಾನು ಅವನ ಚಿಕ್ಕಪ್ಪ.”

ಜಯಶಂಕರ ಬಾಗಿಲ ಸಂದಿಯಿಂದ ನೋಡಿದ. ಚಲುವರಾಜು ತಂದ ಬಾಳೆಹಣ್ಣು ಮಡಿಲಲ್ಲಿಟ್ಟುಕೊಂಡು, ಅಪ್ಪ ತಮ್ಮದೇ ಸಾವಿಗೆ ತಲೆಯಾಡಿಸುತ್ತಾ ಕೂತಿದ್ದರು.

“ಸಾರ್ ಬೋ ನೊಂದ್ಕಂಡವ್ರೆ. ತಂದೆ ಅಂದ್ರೆ ಪ್ರಾಣ ಅನ್ಸುತ್ತೆ” ಎಂದ ಚಲುವರಾಜು.

“ಪ್ರಾಣವೇ ಕಣಪ್ಪ” ಎಂದರು ಅಪ್ಪ. “ನಮ್ ಹುಡ್ಗ ಒಳ್ಳೇನು. ಸಂಕೋಚ ಜಾಸ್ತಿ. ನೀವೆಲ್ಲ ವಸಿ ನೋಡ್ಕಳಿ.”

ಜಯಶಂಕರನಿಗೆ ಇನ್ನು ತಡೆಯಲಾಗಲಿಲ್ಲ. ಮುಲಾಮು ಮೆತ್ತಿದ ತಲೆಯಲ್ಲೇ ಹೊರಗೆ ಬಂದ.

“ಚಲುವರಾಜು… ಇವ್ರು ಚಿಕ್ಕಪ್ಪ ಅಲ್ಲ. ನಮ್ಮಪ್ಪ. ನಮ್ಮನೇಲಿ ಯಾರೂ ಸತ್ತಿಲ್ಲ. ನಂಗೆ ಕೂದ್ಲಿಲ್ಲ, ಇಷ್ಟ್ ವರ್ಷ ವಿಗ್ ಹಾಕ್ತಿದ್ದೆ. ಅದನ್ನ ಹೇಳಕ್ಕೆ ನಾಚ್ಕೆಯಾಗಿ… ಅಪ್ಪನ್ನೇ ಸಾಯಿಸ್ಬುಟ್ಟೆ.”

ಚಲುವರಾಜು ಇಬ್ಬರ ಮುಖವನ್ನೂ ನೋಡಿದ. ಬೈಯುತ್ತಾನೆ ಎಂದುಕೊಂಡರೆ ಬೈಯಲಿಲ್ಲ.

“ನಮ್ಮಪ್ಪ ಹೋಗಿದ್ದೂ ಹಿಂಗೇ ಸುಳ್ಳಾಗಿದ್ರೆ ಚೆಂದಾಗಿತ್ತು ಸಾರ್” ಎಂದಷ್ಟೇ ಹೇಳಿ, ಅಪ್ಪನಿಗೆ ಕೈಮುಗಿದು ಹೊರಟುಹೋದ.

“ಯಾಕಪ್ಪ ಹಂಗಂದೆ?” ಜಯಶಂಕರ ಕೇಳಿದ.

“ಜನದ ಮುಂದೆ ನೀನು ತಲೆ ತಗ್ಗಿಸದು ನಂಗೆ ನೋಡಕ್ಕಾಗಲ್ಲ ಕಣ್ಲಾ. ಒಂದಿನ ಚಿಕ್ಕಪ್ಪ ಆದ್ರೆ ನನ್ ಗಂಟೇನು ಹೋದದು?”

ಅವನು ಅಪ್ಪನ ಕಾಲಿಗೆ ಬಿದ್ದ. ಈ ಸಲ ಹಿಂದೆ ಸರಿಯಲಿಲ್ಲ.

ಅಪ್ಪನ ಕೈ ಬಂತು… ಹುಣ್ಣುಗಳನ್ನು ತಪ್ಪಿಸಿ, ಮೆಲ್ಲಗೆ ಆ ಬೋಳು ತಲೆಯ ಮೇಲೆ ಕೂತಿತು. ವರ್ಷಗಳ ನಂತರ.

“ಕೂಸಾಗಿದ್ದಾಗ್ಲೂ ಹಿಂಗೇ ಇತ್ತು ಕಣ್ಲಾ ನಿನ್ ತಲೆ” ಎಂದರು ಅಪ್ಪ. ನಲವತ್ತು ದಾಟಿದ ಮಗ ಮಕ್ಕಳಂತೆ ಅತ್ತ.

ಸೋಮವಾರ ಯಜಮಾನರಿಗೂ ಹೋಗಿ ನಿಜ ಹೇಳಿದ, ಚೆನ್ನಾಗಿ ಬೈಸಿಕೊಂಡ. ವಿಗ್ ಮತ್ತೆ ತಲೆಗೇರಲಿಲ್ಲ.

ಅಪ್ಪ ಈಗಲೂ ರೇಗಿಸುತ್ತಾರೆ… “ಮಜ್ಜಿಗೆ ಅಪ್ಪ ತರ್ಲಾ, ಚಿಕ್ಕಪ್ಪ ತರ್ಲಾ?” ಭಾಗ್ಯ ನಗುತ್ತಾಳೆ. ಜಯಶಂಕರನಿಗೆ ಮಾತ್ರ ಇನ್ನೂ ನಗಲು ಆಗುವುದಿಲ್ಲ.

ತಲೆ ಬೋಳಾದರೆ ಮರ್ಯಾದೆ ಹೋಗುವುದಿಲ್ಲ… ಅದನ್ನು ಮುಚ್ಚಲು ನಮ್ಮವರನ್ನೇ ಇಲ್ಲವೆಂದಾಗ ಹೋಗುತ್ತದೆ.

ನಿಮ್ಮ ಸಂಕೋಚಕ್ಕಾಗಿ ನೀವು ಯಾರ ಕೈಯನ್ನು ಗಾಳಿಯಲ್ಲೇ ಬಿಟ್ಟಿದ್ದೀರಿ… ಒಮ್ಮೆ ಯೋಚಿಸುತ್ತೀರಾ?