ಹೆಡ್‌ಫೋನ್ ತೂತಿಲ್ಲದ ಆಂಪ್

ಮನೆಯಲ್ಲಿ ಬೇಸ್ ಗಿಟಾರ್ ಬಾರಿಸೋದಕ್ಕೆ ಸಣ್ಣದೊಂದು ಆಂಪ್ಲಿಫೈಯರ್ ಬೇಕು ಅಂದಳು ಆಕೆ. ಅಗ್ಗದ್ದಾದರೂ ಪರವಾಗಿಲ್ಲ, ಬಾಳಿಕೆ ಬರಬೇಕು.

ಅಂಗಡಿಯ ಫೆಲಿಕ್ಸ್ ಹುರುಪಿನಿಂದ ಒಂದನ್ನು ಕೆಳಗಿಳಿಸಿದ. “ಇದು ತಗೊಳ್ಳಿ ಮೇಡಂ. ಹೆಡ್‌ಫೋನ್ ಸಿಕ್ಕಿಸಿಕೊಂಡರೆ ಪಕ್ಕದಲ್ಲಿ ಕೂತವರಿಗೂ ಕೇಳಿಸಲ್ಲ.”

“ಬೇಡ. ಹೆಡ್‌ಫೋನ್ ತೂತೇ ಇಲ್ಲದ್ದು ಕೊಡಿ.”

ಫೆಲಿಕ್ಸ್ ಕಣ್ಣು ಕಣ್ಣು ಬಿಟ್ಟ. ಮನೆಗೆ ಆಂಪ್ ಒಯ್ಯುವವರು ಮೊದಲು ಹುಡುಕುವುದೇ ಆ ತೂತನ್ನು. ಅಟ್ಟ ಹತ್ತಿ, ಧೂಳು ಹಿಡಿದ ಹಳೇ ಮಾದರಿಯೊಂದನ್ನು ತಂದು, ಬೇಸ್ ಜೋಡಿಸಿ ದಪ್ಪ ತಂತಿ ಮೀಟಿದ. ಗಾಜಿನ ಕಪಾಟೆಲ್ಲ ಗಡಗಡ ನಡುಗಿತು.

ಆಕೆಯ ಮುಖ ಅರಳಿತು. “ಇದೇ ಸದ್ದು! ಅಡುಗೆಮನೆಯ ಸ್ಟೀಲ್ ಡಬ್ಬಿಗಳೂ ಹೀಗೇ ಅಲುಗಾಡಬೇಕು.”

“ದಿನಾ ಹೀಗೆ ಬಾರಿಸಿದರೆ ಮನೆಯವರಿಗೆ ತಲೆ ಕೆಡುತ್ತೆ ಮೇಡಂ.”

“ಕೆಡಲಿ. ಬೆಳಗಿನ ಕಾಫಿಗೆ ಮುಂಚೆಯೇ ಶುರು ಮಾಡ್ತಾನೆ. ಒಂದೇ ಸಾಲು, ಅದೂ ತಪ್ಪು ತಪ್ಪಾಗಿ. ಹೊಸ ಆಂಪ್ ಸಿಕ್ಕರೆ ಊಟಕ್ಕೂ ಏಳಲ್ಲ.”

ಮಗನಿರಬೇಕು ಅಂದುಕೊಂಡ ಫೆಲಿಕ್ಸ್, ಪಾಪ ಅನ್ನಿಸಿ ರೇಟಿನಲ್ಲಿ ಸ್ವಲ್ಪ ಬಿಟ್ಟ. ಆಕೆ ಡಬ್ಬಕ್ಕೆ ಬಣ್ಣದ ಕಾಗದ ಸುತ್ತಿಸಿದಳು. ಕೆಂಪು ರಿಬ್ಬನ್ನನ್ನು ತಾನೇ ಆರಿಸಿ ಕಟ್ಟಿಸಿದಳು.

“ಮೇಲೆ ಯಾರ ಹೆಸರು ಬರೀಲಿ ಮೇಡಂ?”

“ಮದುಮಗಳ ಹೆಸರು,” ಅಂದಳು ಆಕೆ. “‘ನಿಮ್ಮ ಬೇಸ್ ಅರ್ಥವಾಗೋದು ನನಗೊಬ್ಬಳಿಗೇ’ ಅಂತ ಹೇಳಿ ನನ್ನ ಗಂಡನನ್ನು ಹಾರಿಸಿಕೊಂಡು ಹೋದಳಲ್ಲ, ಅವಳದ್ದು.”