ಗಿರಿಜತ್ತೆಯ ಕರಬೂಜ

ಹಣ್ಣಾದ ಕರಬೂಜದ ವಾಸನೆ ಮೂಗಿಗೆ ಬಡಿದರೆ ಸಾಕು, ಬೆಟ್ಟದ ಕಡೆಯ ಕೆರೆ ದಂಡೆಯಲ್ಲಿ ಸೇರುತ್ತಿದ್ದ ರೈತರ ಸಂತೆಯ ಆ ಬೇಸಿಗೆ ಮಧ್ಯಾಹ್ನ ಈಗಲೂ ಕಣ್ಣೆದುರು ಬಂದು ನಿಲ್ಲುತ್ತದೆ.

ನಾನು ಅಜ್ಜಿಯ ಸೆರಗು ಹಿಡಿದು ನಡೆಯುತ್ತಿದ್ದೆ. ಒಣಹುಲ್ಲಿನ ಮೇಲೆ ಕರಬೂಜ ರಾಶಿ ಹಾಕಿಕೊಂಡು ಕೂತಿದ್ದ ಹೆಂಗಸನ್ನು ಕಂಡು ಕುಣಿಯುವಷ್ಟು ಖುಷಿಯಾಯಿತು. ಅವಳು ಅಪ್ಪನ ತಂಗಿ ಗಿರಿಜತ್ತೆ. ಬೇರೆ ಜಾತಿಯ ರೈತರ ಹುಡುಗನನ್ನು ಮದುವೆಯಾದ ಮೇಲೆ ಲಷ್ಕರ್ ಮೊಹಲ್ಲಾದ ನಮ್ಮ ಮನೆಯಲ್ಲಿ ಅವಳ ಹೆಸರೆತ್ತುವ ಹಾಗಿರಲಿಲ್ಲ.

“ಅವ್ವಾ!” ಎಂದು ಅತ್ತೆ ಎದ್ದು ನಿಂತಳು.

ಅಜ್ಜಿ ಒಂದು ಹಣ್ಣನ್ನೆತ್ತಿ ಮೂಸಿದರು. “ಹೆಂಗೆ ಕೊಡ್ತೀಯಮ್ಮ?”

“ನಿನ್ನತ್ರ ದುಡ್ಡು ತಗೊಳ್ಳೋದಾ ಅವ್ವ? ಹಂಗೇ ತಗೊಂಡೋಗು.” ಅತ್ತೆ ಇದ್ದುದರಲ್ಲೇ ದೊಡ್ಡ ಹಣ್ಣು ಆರಿಸಿ, ಮಣ್ಣು ಒರೆಸಿ ನನಗೆ ಕೊಟ್ಟು, ಒರಟಾಗಿದ್ದ ಕೈಯಿಂದ ಕೆನ್ನೆ ಸವರಿದಳು.

ಅಜ್ಜಿ ಅದನ್ನು ಕಿತ್ತುಕೊಂಡು ರಾಶಿಯ ಮೇಲೆ ಹಾಕಿದರು. “ಗುರ್ತಿಲ್ಲದವ್ರು ಕೊಟ್ಟಿದ್ದನ್ನ ಇಸ್ಕೋಬಾರ್ದು, ನಡಿ.”

ನನ್ನನ್ನು ಎಳೆದುಕೊಂಡು ಹೊರಟಾಗ ಅತ್ತೆ ಹಿಂದಿನಿಂದ ಕೂಗಿದಳು. “ಅವ್ವಾ, ಅಪ್ಪಾಜಿ ಹೆಂಗಿದ್ದಾರೆ? ಅದೊಂದು ಹೇಳ್ಬುಡು.”

ಅಜ್ಜಿ ಆಗ ತಿರುಗಿ ನಿಂತು ಅವಳ ಮುಖವನ್ನು ನೇರವಾಗಿ ನೋಡಿದರು.

“ಹೋದ್ವರ್ಷ ಶಿವರಾತ್ರಿ ಕಳೀತಿದ್ದಂಗೇ ತೀರ್ಕೊಂಡ್ರು. ಕೊನೇವರ್ಗೂ ನಿನ್ನೇ ಕೇಳ್ತಿದ್ರು. ಹೇಳಿ ಕಳ್ಸಿದ್ರೂ ಬರಲ್ಲ ಅಂದ್ಬುಟ್ಳು ಅಂತ ನಾನೇ ಅವ್ರಿಗೆ ಹೇಳ್ದೆ.”

ಅತ್ತೆಗೆ ಯಾರೂ ಹೇಳಿ ಕಳಿಸಿರಲಿಲ್ಲ.

ಅಜ್ಜಿ ಬಿಸಿಲಿಗೆ ಸೆರಗನ್ನು ತಲೆ ಮೇಲೆಳೆದುಕೊಂಡು, ಪಕ್ಕದವಳ ಹತ್ತಿರ ದಂಟಿನ ಸೊಪ್ಪು ಎಳೆಯದಾ ಎಂದು ವಿಚಾರಿಸತೊಡಗಿದರು.