ಗಲ್ಲಾದವನ ಊಟ

ನೀಲಗಂಗವ್ವನ ಮಗನನ್ನು ಕೊಂದವನಿಗೆ ಗಲ್ಲಾದ ಮೇಲೆ ಸರಕಾರದವರು ಅವನನ್ನು ಅವಳ ಮನೆಗೇ ತಂದು ಬಿಟ್ಟಿದ್ದರು. ಈಗಿನ ಗಲ್ಲು ಹಾಗೆಯೇ. ನೆನಪನ್ನಷ್ಟೇ ಕೊಲ್ಲುತ್ತಾರೆ, ಉಳಿದ ಆಳಿಗೆ ಕೊಲೆಯಾದವನ ಹೆಸರಿಟ್ಟು ಕೊಲೆಯಾದವನ ತಾಯಿಗೆ ಮಗನೆಂದು ಒಪ್ಪಿಸುತ್ತಾರೆ.

"ಯವ್ವಾ, ಇನ್ನೊಂದು ರೊಟ್ಟಿ" ಎಂದ ಈ ಮಾಂತೇಶ.

ಬಾಗಿಲಲ್ಲಿ ಅವನನ್ನು ಹೆತ್ತವಳು ಬಂದು ನಿಂತಿದ್ದಳು. ಹಾಗೆ ಬರುವುದು ಅಪರಾಧ. ಅವಳ ಕಣ್ಣು ಅವನ ತಾಟಿನ ಮೇಲಿತ್ತು.

"ಅವಗ ಬದನಿಕಾಯಿ ಹಾಕಬ್ಯಾಡ್ರಿ ಅಕ್ಕಾರ. ಮೈಯೆಲ್ಲಾ ದದ್ದು ಏಳ್ತಾವ್ರಿ."

"ನನ್ನ ಮಗಗ ಬದನಿಕಾಯಿ ಅಂದ್ರ ಜೀವ" ಎಂದು ನೀಲಗಂಗವ್ವ ದಿನದಂತೆ ಇನ್ನೊಂದು ಸೌಟು ಬಡಿಸಿದಳು.

ದಿನದಂತೆ ಕುತ್ತಿಗೆ ಕೆರೆದುಕೊಳ್ಳುತ್ತ ಉಣ್ಣುತ್ತಿದ್ದ ಮಾಂತೇಶ ಬಾಗಿಲತ್ತ ನೋಡಿದ.

"ಯಾರೋ ಏನೋ, ಅಳಾಕತ್ತಾಳಬೇ. ಹಸದಿರಬೇಕು, ಒಳಗ ಕರಿ."